ವಿಜ್ಞಾನದ ಮಾತು ಎಷ್ಟು ಗಟ್ಟಿ? ಹಂತ ಹಂತವಾಗಿ ಅಳೆದು ನೋಡುವ ಬಗೆ

"ವಿಜ್ಞಾನಿಗಳೇ ಹೇಳಿದ್ದಾರೆ" ಎಂದು ಒಬ್ಬರು ಮಾತು ಮುಗಿಸುತ್ತಾರೆ. "ವಿಜ್ಞಾನಕ್ಕೂ ಎಲ್ಲ ಗೊತ್ತಿಲ್ಲ ಬಿಡಿ" ಎಂದು ಇನ್ನೊಬ್ಬರು ಮುಗಿಸುತ್ತಾರೆ. ಎರಡೂ ಕಡೆ ಆಗುವುದು ಒಂದೇ, ಯೋಚನೆ ಅಲ್ಲಿಗೇ ನಿಂತುಬಿಡುತ್ತದೆ. ನೀರಿನಲ್ಲಿ ಹೈಡ್ರೋಜನ್ ಮತ್ತು ಆಕ್ಸಿಜನ್ ಇದೆ ಎನ್ನುವುದು ವಿಜ್ಞಾನದ ಮಾತು. ಬೆರಳೆಣಿಕೆಯಷ್ಟು ಜನರ ಮೇಲೆ ನಡೆಸಿ ಮೊನ್ನೆ ತಾನೇ ಪ್ರಕಟವಾದ ಅಧ್ಯಯನದ ಫಲಿತಾಂಶವೂ ವಿಜ್ಞಾನದ ಮಾತೇ. ಎರಡಕ್ಕೂ ಒಂದೇ ತೂಕ ಕೊಡೋಕೆ ಆಗುತ್ತಾ?

ಅದಕ್ಕೇ "ವಿಜ್ಞಾನವನ್ನು ನಂಬಬೇಕೋ ಬೇಡವೋ" ಎಂಬ ಪ್ರಶ್ನೆಯನ್ನು ಬದಿಗಿಡಿ. ಒಂದೊಂದು ಮಾತನ್ನೂ ಬೇರೆಬೇರೆಯಾಗಿ ಹಿಡಿದು ಕೇಳಿ: ಇದು ಹೇಗೆ ಗೊತ್ತಾಯಿತು? ಎಲ್ಲಿಯ ತನಕ ಸಲ್ಲುತ್ತದೆ? ತತ್ವಶಾಸ್ತ್ರದವರು ಶತಮಾನಗಳಿಂದ ವಾದ ಮಾಡುತ್ತಾ ಬಂದಿರುವುದು ಇದರ ಸುತ್ತಲೇ. ಆ ವಾದಗಳಲ್ಲಿ ನಮ್ಮ ಬಳಕೆಗೆ ಬರುವಷ್ಟನ್ನು ಹಂತಗಳಾಗಿ ಇಲ್ಲಿ ಇಟ್ಟಿದ್ದೇನೆ. ಒಂದು ಹಾಳೆ, ಒಂದು ಪೆನ್ನು ಜೊತೆಗಿರಲಿ. ಬರೆದು ನೋಡಿದರೆ ಕಾಣುವುದು ಓದಿಕೊಂಡು ಹೋದರೆ ಕಾಣುವುದಿಲ್ಲ.

ಹಂತ 1: ಮಾತನ್ನು ಪೂರ್ತಿಯಾಗಿ ಬರೆಯಿರಿ

"ಈ ಔಷಧ ಕೆಲಸ ಮಾಡುತ್ತದೆ" ಎಂಬುದು ಅರ್ಧ ಮಾತು. ಯಾರಿಗೆ, ಎಷ್ಟು ಪ್ರಮಾಣದಲ್ಲಿ, ಯಾವುದಕ್ಕೆ ಹೋಲಿಸಿದರೆ, ಎಷ್ಟು ದಿನದಲ್ಲಿ, ಎಷ್ಟರ ಮಟ್ಟಿಗೆ? ಇಷ್ಟನ್ನು ಸೇರಿಸಿ ಒಂದೇ ವಾಕ್ಯ ಮಾಡಿ. ಸೇರಿಸಲು ಮಾಹಿತಿಯೇ ಸಿಗದಿದ್ದರೆ ಆ ಜಾಗವನ್ನು ಖಾಲಿ ಬಿಡಿ. ಖಾಲಿ ಜಾಗ ಜಾಸ್ತಿ ಇದ್ದರೆ ಮುಂದಿನ ಹಂತಗಳಿಗೆ ಹೋಗುವ ಅಗತ್ಯವೇ ಬರುವುದಿಲ್ಲ.

ಹಂತ 2: ಕಂಡದ್ದು ಯಾವುದು, ಅದರಿಂದ ಊಹಿಸಿದ್ದು ಯಾವುದು?

ಹಾಳೆಯ ನಡುವೆ ಒಂದು ಗೆರೆ ಎಳೆಯಿರಿ. ಎಡಕ್ಕೆ ಕಂಡದ್ದು, ಬಲಕ್ಕೆ ಊಹಿಸಿದ್ದು.

ಒಂದು ಉದಾಹರಣೆ ನೋಡೋಣ. ಭೂಮಿಯ ನಟ್ಟನಡುವೆ ಗಟ್ಟಿಯಾದ ಒಳತಿರುಳು ಇದೆ ಎಂದು ನಾವೆಲ್ಲ ಓದಿದ್ದೇವೆ. ಅಲ್ಲಿಗೆ ಯಾರೂ ಹೋಗಿಲ್ಲ. ರಷ್ಯಾದ ಕೋಲಾದಲ್ಲಿ ಕೊರೆದ ಆಳವಾದ ರಂಧ್ರವೂ 12 ಕಿಲೋಮೀಟರ್‌ಗಿಂತ ಸ್ವಲ್ಪ ಕೆಳಗೆ ಹೋಗಿ ನಿಂತಿತು. ಭೂಮಿಯ ಕೇಂದ್ರ ಇರುವುದು ಸುಮಾರು 6,371 ಕಿಲೋಮೀಟರ್ ಆಳದಲ್ಲಿ. ಮತ್ತೆ ಗೊತ್ತಾದದ್ದು ಹೇಗೆ? 1929ರಲ್ಲಿ ನ್ಯೂಜಿಲೆಂಡ್‌ನಲ್ಲಿ ದೊಡ್ಡ ಭೂಕಂಪವಾಯಿತು. ತಿರುಳು ಪೂರ್ತಿ ದ್ರವವಾಗಿದ್ದರೆ ಅದರ ಅಲೆಗಳು ಬಾಗಿ ಹೋಗಬೇಕಿತ್ತು, ಭೂಮಿಯ ಕೆಲವು ಭಾಗಗಳಲ್ಲಿ ಕಾಣಿಸಲೇಬಾರದಿತ್ತು. ಆದರೆ ಅಲ್ಲಿನ ಕಂಪನಮಾಪಕಗಳಲ್ಲೂ ಸಣ್ಣ ಅಲೆಗಳು ದಾಖಲಾಗಿದ್ದವು. ಡೆನ್ಮಾರ್ಕ್‌ನ ಭೂಕಂಪವಿಜ್ಞಾನಿ ಇಂಗೆ ಲೇಮನ್ ಆ ದಾಖಲೆಗಳನ್ನು ಒಂದೊಂದಾಗಿ ನೋಡಿದರು. ಒಳಗೆ ಬೇರೆ ಗುಣದ ಇನ್ನೊಂದು ತಿರುಳು ಇದ್ದು, ಅಲೆಗಳು ಅದಕ್ಕೆ ತಾಗಿ ಹೊರಳಿ ಬಂದಿರಬೇಕು ಎಂದು 1936ರಲ್ಲಿ ವಾದಿಸಿದರು.

ಎಡಗಡೆ ಬರೆಯಬೇಕಾದದ್ದು: ಕಂಪನಮಾಪಕದ ಗೆರೆಗಳು, ಅವು ಬಂದ ಹೊತ್ತು. ಒಳತಿರುಳು ಬಲಗಡೆಗೆ ಹೋಗುತ್ತದೆ. ಬಲಗಡೆಗೆ ಹೋಯಿತು ಅಂದ ಮಾತ್ರಕ್ಕೆ ಅದು ದುರ್ಬಲ ಎಂದು ತಿಳಿಯಬೇಡಿ. ವಿಜ್ಞಾನದ ಬೆಲೆಬಾಳುವ ತಿಳಿವಳಿಕೆ ಬಹುಪಾಲು ಬಲಗಡೆಯದೇ. ಎಡದಿಂದ ಬಲಕ್ಕೆ ದಾಟಲು ಹಾಕಿದ ಸೇತುವೆ ಎಷ್ಟು ಗಟ್ಟಿ ಎಂದು ನೋಡಬೇಕು, ಅಷ್ಟೆ.

ಈ ಸೇತುವೆಯ ಬಗ್ಗೆ ಮೊದಲು ತಕರಾರು ಎತ್ತಿದವರಲ್ಲಿ ಕಣ್ಣಿಗೆ ಕಂಡದ್ದನ್ನಷ್ಟೇ ಒಪ್ಪುತ್ತಿದ್ದ ನಮ್ಮ ಚಾರ್ವಾಕರೂ ಇದ್ದರು. ಹೊಗೆ ಇರುವಲ್ಲೆಲ್ಲ ಬೆಂಕಿ ಇದೆ ಎನ್ನುತ್ತೀರಲ್ಲ, ಎಲ್ಲ ಕಾಲದ, ಎಲ್ಲ ಜಾಗದ ಹೊಗೆಯನ್ನು ನೋಡಿ ಬಂದವರು ಯಾರು ಎಂದು ಅವರು ಕೇಳಿದರು. ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 18ನೇ ಶತಮಾನದಲ್ಲಿ ಇದನ್ನೇ ಇನ್ನೊಂದು ಕಡೆಯಿಂದ ಕೇಳಿದ: ಇಲ್ಲಿಯ ತನಕ ಹೀಗೇ ಆಗಿದೆ ಎಂಬುದರಿಂದ ನಾಳೆಯೂ ಹೀಗೇ ಆಗುತ್ತದೆ ಎಂದು ಯಾವ ತರ್ಕ ಹೇಳುತ್ತದೆ? ಈ ಪ್ರಶ್ನೆಗೆ ಎಲ್ಲರೂ ಒಪ್ಪುವ ಉತ್ತರ ಇವತ್ತಿಗೂ ಇಲ್ಲ. ನೈಯಾಯಿಕರು, ಅಂದರೆ ನ್ಯಾಯದರ್ಶನದ ತಾರ್ಕಿಕರು, ಕೊಟ್ಟ ಉತ್ತರ ಮಾತ್ರ ನನಗೆ ತುಂಬಾ ಹಿಡಿಸುತ್ತದೆ. ಸಂಶಯಕ್ಕೂ ಒಂದು ಗಡಿ ಇದೆ ಎಂದರು ಉದಯನಾಚಾರ್ಯರು. ಸಂಶಯ ಪಡುವವನ ನಡವಳಿಕೆಯೇ ಅವನ ಸಂಶಯಕ್ಕೆ ವಿರುದ್ಧವಾಗುವ ಜಾಗ ಆ ಗಡಿ. ಹೊಗೆ ಬೇಕಾದಾಗ ಬೆಂಕಿಯನ್ನೇ ಹಚ್ಚಲು ಹೋಗುವವನು, ಇವೆರಡಕ್ಕೂ ಸಂಬಂಧವಿದೆಯೋ ಇಲ್ಲವೋ ಗೊತ್ತಿಲ್ಲ ಎಂದರೆ ಆ ಮಾತಿಗೆ ಅರ್ಥವಿಲ್ಲ. ನಿಮ್ಮ ಸಂಶಯಕ್ಕೂ ಇದೇ ಪರೀಕ್ಷೆ ಮಾಡಿ: ಇದು ಬರೀ ಬಾಯಿಮಾತಿನ ಸಂಶಯವೋ, ಇದರಿಂದ ನಾನು ನಡೆದುಕೊಳ್ಳುವ ರೀತಿ ಬದಲಾಗುತ್ತದೋ?

ಹಂತ 3: ಏನು ಕಂಡರೆ ಈ ಮಾತು ಬಿದ್ದುಹೋಗುತ್ತದೆ?

ವಿಜ್ಞಾನದ ತತ್ವಶಾಸ್ತ್ರಜ್ಞ ಕಾರ್ಲ್ ಪಾಪರ್ ಒತ್ತಿ ಹೇಳಿದ್ದು ಇದನ್ನೇ. ಏನಾದರೂ ಸರಿ ಎಂದೇ ಉಳಿಯುವ ಮಾತು ಜಗತ್ತಿನ ಬಗ್ಗೆ ಏನನ್ನೂ ಹೇಳುತ್ತಿಲ್ಲ. ಆದ್ದರಿಂದ ಹಾಳೆಯ ಮೇಲೆ ಬರೆಯಿರಿ: "ಇಂಥದ್ದು ಕಂಡರೆ ಇದನ್ನು ಕೈಬಿಡುತ್ತೇನೆ." ಬರೆಯಲು ಏನೂ ತೋಚದಿದ್ದರೆ ಅಲ್ಲೇ ಎಚ್ಚರವಾಗಿ.

ಆದರೆ ಇದು ಕೇಳಿದಷ್ಟು ಸಲೀಸಲ್ಲ. ಈ ಹಂತದಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಜನ ಜಾಸ್ತಿ ಎಡವುವುದು ಇಲ್ಲೇ.

ಯುರೇನಸ್ ಗ್ರಹ ನ್ಯೂಟನ್‌ನ ಲೆಕ್ಕದಂತೆ ಸಾಗುತ್ತಿರಲಿಲ್ಲ, ಚೂರು ದಾರಿ ತಪ್ಪುತ್ತಿತ್ತು. ಹಾಗಾದರೆ ನ್ಯೂಟನ್ ತಪ್ಪು ಎಂದು ಎಸೆಯಬೇಕಿತ್ತಾ? ಫ್ರಾನ್ಸಿನ ಖಗೋಳವಿಜ್ಞಾನಿ ಲೆವೆರಿಯರ್ ಹಾಗೆ ಮಾಡಲಿಲ್ಲ. ನಿಯಮ ಸರಿಯಾಗಿಯೇ ಇದೆ, ಕಣ್ಣಿಗೆ ಬೀಳದ ಇನ್ನೊಂದು ಗ್ರಹ ಅದನ್ನು ಎಳೆಯುತ್ತಿದೆ ಎಂದುಕೊಂಡ. ಅದು ಎಲ್ಲಿರಬೇಕು ಎಂದು ಲೆಕ್ಕ ಹಾಕಿ ಬರ್ಲಿನ್ ವೀಕ್ಷಣಾಲಯಕ್ಕೆ ಪತ್ರ ಬರೆದ. 1846ರ ಸೆಪ್ಟೆಂಬರ್ 23ರಂದು ಪತ್ರ ಅಲ್ಲಿನ ಖಗೋಳವಿಜ್ಞಾನಿ ಗಾಲೆಯ ಕೈ ಸೇರಿತು. ಅದೇ ರಾತ್ರಿ ದೂರದರ್ಶಕ ತಿರುಗಿಸಿದಾಗ, ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೇ ನೆಪ್ಚೂನ್ ಸಿಕ್ಕಿತು.

ಮುಂದೆ ಬುಧ ಗ್ರಹದ ಸರದಿ. ಅದರ ಕಕ್ಷೆ ನಿಧಾನವಾಗಿ ತಿರುಗುತ್ತಾ ಹೋಗುತ್ತದೆ. ಬೇರೆ ಗ್ರಹಗಳ ಎಳೆತವನ್ನೆಲ್ಲ ಲೆಕ್ಕಕ್ಕೆ ಹಿಡಿದರೂ ನೂರು ವರ್ಷಕ್ಕೆ ಸುಮಾರು 43 ಆರ್ಕ್‌ಸೆಕೆಂಡ್ ಹೆಚ್ಚು ಉಳಿಯುತ್ತಿತ್ತು. ಒಂದು ಡಿಗ್ರಿಯಲ್ಲಿ 3,600 ಆರ್ಕ್‌ಸೆಕೆಂಡ್ ಇರುತ್ತವೆ, ವ್ಯತ್ಯಾಸ ಎಷ್ಟು ಸಣ್ಣದು ನೋಡಿ. ಲೆವೆರಿಯರ್ 1859ರಲ್ಲಿ ಮತ್ತೆ ಅದೇ ದಾರಿ ಹಿಡಿದ: ಸೂರ್ಯನ ಹತ್ತಿರ ಕಾಣದ ಗ್ರಹವೋ, ಸಣ್ಣ ಕಾಯಗಳ ಗುಂಪೋ ಇರಬೇಕು. ಆ ಗ್ರಹಕ್ಕೆ ವಲ್ಕನ್ ಎಂದು ಹೆಸರೂ ಬಿತ್ತು. ಕಂಡೆ ಎಂದವರೂ ಸಿಕ್ಕರು. ಗ್ರಹಣದಿಂದ ಗ್ರಹಣಕ್ಕೆ ಹುಡುಕಿದರು. ಅದು ಇರಲೇ ಇಲ್ಲ. 1915ರಲ್ಲಿ ಐನ್‌ಸ್ಟೈನ್‌ನ ಸಾಮಾನ್ಯ ಸಾಪೇಕ್ಷತೆ ಆ 43 ಆರ್ಕ್‌ಸೆಕೆಂಡನ್ನು ಹೊಸ ಗ್ರಹದ ನೆರವಿಲ್ಲದೆ ಕೊಟ್ಟಿತು. ಈ ಬಾರಿ ಬದಲಾಗಬೇಕಿದ್ದದ್ದು ನಿಯಮವೇ.

ಅದೇ ಮನುಷ್ಯ, ಅದೇ ಯುಕ್ತಿ. ಒಮ್ಮೆ ಗ್ರಹ ಸಿಕ್ಕಿತು, ಇನ್ನೊಮ್ಮೆ ಸಿಗಲಿಲ್ಲ. ಮುಂಚಿತವಾಗಿ ಯಾವುದು ಸರಿ ಎಂದು ಹೇಳುವ ಸೂತ್ರ ಯಾರ ಬಳಿಯೂ ಇರಲಿಲ್ಲ. ಫ್ರಾನ್ಸಿನ ಭೌತವಿಜ್ಞಾನಿ, ತತ್ವಶಾಸ್ತ್ರಜ್ಞ ಪಿಯೆರ್ ಡ್ಯುಹೆಮ್ ಹೇಳಿದ್ದು ಇದನ್ನೇ: ಯಾವ ಸಿದ್ಧಾಂತವೂ ಒಂಟಿಯಾಗಿ ಪರೀಕ್ಷೆಗೆ ಬರುವುದಿಲ್ಲ. ಉಪಕರಣ ಸರಿಯಿದೆ, ಲೆಕ್ಕ ಸರಿಯಿದೆ, ಲೆಕ್ಕಕ್ಕೆ ಸಿಗದ ವಸ್ತು ಬೇರೆ ಇಲ್ಲ ಎಂಬ ನಂಬಿಕೆಗಳ ಗುಂಪೇ ಅದರ ಜೊತೆ ಬಂದು ನಿಲ್ಲುತ್ತದೆ. ಫಲಿತಾಂಶ ಕೈಕೊಟ್ಟಾಗ ಗುಂಪಿನಲ್ಲಿ ಯಾರೋ ತಪ್ಪಿದ್ದಾರೆ ಎಂದಷ್ಟೇ ಗೊತ್ತಾಗುತ್ತದೆ. ಯಾರು ಎಂದು ಗೊತ್ತಾಗುವುದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಒಂದು ಸಿದ್ಧಾಂತವನ್ನು ಉಳಿಸಲು ಯಾರಾದರೂ ಸಮಜಾಯಿಷಿ ಕೊಟ್ಟರೆ, ಆ ಸಮಜಾಯಿಷಿಯನ್ನೇ ಬೇರೆಯಾಗಿ ಪರೀಕ್ಷೆ ಮಾಡಲು ಆಗುತ್ತದಾ ಎಂದು ಕೇಳಿ. ನೆಪ್ಚೂನನ್ನೂ ವಲ್ಕನನ್ನೂ ಆಕಾಶದಲ್ಲಿ ಹುಡುಕಬಹುದಿತ್ತು. ಹಾಗಾಗಿ ಎರಡೂ ಪ್ರಾಮಾಣಿಕ ಊಹೆಗಳು. "ನಂಬದವರು ಎದುರಿಗಿದ್ದರೆ ಇದು ಕೆಲಸ ಮಾಡುವುದಿಲ್ಲ" ಎಂಬಂಥ ಸಮಜಾಯಿಷಿಯನ್ನು ಹುಡುಕಿ ನೋಡಲು ಯಾವ ದಾರಿಯೂ ಇಲ್ಲ.

ಹಂತ 4: ಬೇರೆ ದಾರಿಯಲ್ಲಿ ಹೋದರೂ ಅದೇ ಉತ್ತರ ಬರುತ್ತದಾ?

ಒಂದೇ ಹಂತಕ್ಕೆ ಸಮಯವಿದೆ ಎಂದರೆ ಇದನ್ನೇ ಮಾಡಿ ಎನ್ನುತ್ತೇನೆ.

20ನೇ ಶತಮಾನದ ಆರಂಭದಲ್ಲೂ ಅಣುಗಳು ನಿಜವಾಗಿ ಇವೆಯೋ, ಲೆಕ್ಕದ ಅನುಕೂಲಕ್ಕೆ ಮಾಡಿಕೊಂಡ ಕಲ್ಪನೆಯೋ ಎಂಬ ಜಗಳ ಮುಗಿದಿರಲಿಲ್ಲ. ಫ್ರಾನ್ಸಿನ ಜೀನ್ ಪೆರಿನ್ ಅವೊಗಾಡ್ರೊ ಸಂಖ್ಯೆಯನ್ನು (ನಿಗದಿತ ಪ್ರಮಾಣದ ವಸ್ತುವಿನಲ್ಲಿ ಎಷ್ಟು ಅಣುಗಳಿವೆ ಎಂಬ ಎಣಿಕೆ) ಹಲವು ದಾರಿಗಳಿಂದ ಹಿಡಿದ. ನೀರಿನಲ್ಲಿ ತೇಲುವ ಸಣ್ಣ ಕಣಗಳ ಅಲುಗಾಟ, ಅವು ಕೆಳಗೆ ದಟ್ಟವಾಗಿ, ಮೇಲೆ ತೆಳುವಾಗಿ ಹರಡುವ ರೀತಿ ಇವನ್ನು ತಾನೇ ಅಳೆದ. ಆಕಾಶದ ನೀಲಿ ಬಣ್ಣ, ವಿಕಿರಣಶೀಲತೆಯಂಥ ಸಂಬಂಧವೇ ಇಲ್ಲದ ಕಡೆಗಳಿಂದ ಬಂದ ಲೆಕ್ಕಗಳನ್ನೂ ಪಕ್ಕದಲ್ಲಿಟ್ಟ. ಹತ್ತಕ್ಕೂ ಹೆಚ್ಚು ದಾರಿಗಳು, ಎಲ್ಲ ಬಂದು ಸೇರಿದ್ದು ಹೆಚ್ಚುಕಡಿಮೆ ಒಂದೇ ಸಂಖ್ಯೆಗೆ. ಅಣುಗಳೇ ಇಲ್ಲದಿದ್ದರೆ ಇದು ನಂಬಲಾಗದ ಕಾಕತಾಳೀಯ. ಅಣುಗಳನ್ನು ಒಪ್ಪದಿದ್ದ ಒಸ್ಟ್‌ವಾಲ್ಡ್‌ನಂಥ ದೊಡ್ಡ ರಸಾಯನವಿಜ್ಞಾನಿಯೂ ತನ್ನ ನಿಲುವು ಬದಲಿಸಿದ.

ಇದರ ಎದುರಿಗೆ 1903ರ ಎನ್-ಕಿರಣಗಳನ್ನು ಇಡಿ. ಫ್ರಾನ್ಸಿನ ನಾನ್ಸಿಯ ಬ್ಲಾಂಡ್ಲೋ ಹೊಸ ಕಿರಣ ಕಂಡುಹಿಡಿದೆ ಎಂದ. ಕತ್ತಲೆ ಕೋಣೆಯಲ್ಲಿ ಮಂದ ಹೊಳಪು ತುಸು ಹೆಚ್ಚಾಗುವುದನ್ನು ಕಣ್ಣಿನಿಂದಲೇ ಗುರುತಿಸಬೇಕಿತ್ತು. ಅನೇಕರು ತಮಗೂ ಕಂಡಿತು ಎಂದು ಬರೆದರು. 1904ರಲ್ಲಿ ಅಮೆರಿಕದ ರಾಬರ್ಟ್ ವುಡ್ ಆ ಪ್ರಯೋಗಾಲಯಕ್ಕೆ ಹೋದ. ಪ್ರಯೋಗ ನಡೆಯುತ್ತಿರುವಾಗಲೇ ಕತ್ತಲೆಯಲ್ಲಿ ಉಪಕರಣದ ಮುಖ್ಯ ಭಾಗವಾದ ಅಲ್ಯೂಮಿನಿಯಂ ಪ್ರಿಸಂ ಅನ್ನು ಮೆಲ್ಲಗೆ ತೆಗೆದುಬಿಟ್ಟ. ಅಳತೆಗಳು ಮಾತ್ರ ಮೊದಲಿನಂತೆಯೇ ಬರುತ್ತಿದ್ದವು! ಅಲ್ಲಿ ಯಾರೂ ಮೋಸ ಮಾಡುತ್ತಿರಲಿಲ್ಲ. ನೋಡಬೇಕೆಂದು ಬಯಸಿದ್ದು ಅವರಿಗೆ ಕಾಣುತ್ತಿತ್ತು. ಎಷ್ಟೋ ಮಂದಿ ಕಂಡರೂ ಎಲ್ಲರೂ ಹೋದದ್ದು ಒಂದೇ ದಾರಿಯಲ್ಲಿ, ಅಂದರೆ ಮಂದ ಬೆಳಕಿನಲ್ಲಿ ಬರಿಗಣ್ಣಿನ ಅಂದಾಜಿನ ಮೇಲೆ.

ಹಾಗಾಗಿ ಎಷ್ಟು ಜನ ಹೇಳಿದರು ಎಂದು ಎಣಿಸುವುದಕ್ಕಿಂತ, ಎಷ್ಟು ಬೇರೆಬೇರೆ ದಾರಿಗಳಿಂದ ಬಂದರು ಎಂದು ಎಣಿಸಿ.

ಹಂತ 5: ಸಂಖ್ಯೆಯ ಪಕ್ಕ ಏನಿದೆ?

ಅಳತೆಯ ಜೊತೆ ಅದರ ತಪ್ಪಿನ ಅಂಚೂ, ಅಂದರೆ ಅದು ಎಷ್ಟು ಹೆಚ್ಚುಕಡಿಮೆ ಆಗಿರಬಹುದು ಎಂಬುದೂ, ಇರಬೇಕು. ಅಂಚಿಲ್ಲದ ಸಂಖ್ಯೆ ಕಂಡರೆ ಮೂಲ ವರದಿಯಲ್ಲಿ ಹುಡುಕಿ.

"ಅಂಕಿಅಂಶದ ದೃಷ್ಟಿಯಿಂದ ಗಮನಾರ್ಹ" ಎಂಬ ಮಾತು ಆಗಾಗ ಕಣ್ಣಿಗೆ ಬೀಳುತ್ತದೆ, ಅಲ್ವಾ? ಬಳಕೆಯಲ್ಲಿರುವ ಮಟ್ಟದಲ್ಲಿ ಅದರ ಅರ್ಥ ಇಷ್ಟು: ನಿಜಕ್ಕೂ ಯಾವ ಪರಿಣಾಮವೂ ಇಲ್ಲದಿದ್ದರೂ ಸುಮ್ನೆ ಆಕಸ್ಮಿಕವಾಗಿ ಇಷ್ಟು ದೊಡ್ಡ ವ್ಯತ್ಯಾಸ ಕಾಣುವ ಸಾಧ್ಯತೆ 20ರಲ್ಲಿ 1ಕ್ಕಿಂತ ಕಡಿಮೆ. ಮಾತು ನಿಜವಾಗಿರುವ ಸಾಧ್ಯತೆ ಶೇ 95 ಎಂದು ಇದನ್ನು ಓದಬೇಡಿ. ಏನೂ ಪರಿಣಾಮವಿಲ್ಲದ 20 ಸಂಗತಿಗಳನ್ನು ಬೇರೆಬೇರೆಯಾಗಿ ಪರೀಕ್ಷಿಸಿದರೆ ಒಂದಾದರೂ "ಗಮನಾರ್ಹ" ಎಂದು ಕಾಣುವ ಸಾಧ್ಯತೆ ಸುಮಾರು ಶೇ 64. ಆ ಒಂದನ್ನು ಮಾತ್ರ ಪ್ರಕಟಿಸಿದರೆ ಓದುವವರಿಗೆ ಉಳಿದ 19 ಕಾಣುವುದೇ ಇಲ್ಲ. 2015ರಲ್ಲಿ ಮನೋವಿಜ್ಞಾನದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದರು. ಮೂಲದಲ್ಲಿ ಶೇ 97ರಷ್ಟು ಗಮನಾರ್ಹ ಎಂದಿದ್ದವು. ಮರುಪ್ರಯೋಗದಲ್ಲಿ ಹಾಗೆ ಉಳಿದದ್ದು ಶೇ 36. ಕಣಭೌತವಿಜ್ಞಾನದವರು ಈ ಮಟ್ಟವನ್ನು ತುಂಬಾ ಎತ್ತರಕ್ಕೆ ಇಟ್ಟುಕೊಂಡಿದ್ದಾರೆ. 2012ರಲ್ಲಿ ಹಿಗ್ಸ್ ಕಣವನ್ನು ಘೋಷಿಸುವಾಗ ಅವರು ಕೇಳಿದ್ದು ಸುಮಾರು 35 ಲಕ್ಷದಲ್ಲಿ 1ರ ಮಟ್ಟ.

ಹಂತ 6: ಹೇಳದೆ ಉಳಿದ ಷರತ್ತು ಯಾವುದು?

ಪ್ರತಿ ಮಾತಿನ ಹಿಂದೆಯೂ "ಹೀಗಿದ್ದರೆ ಮಾತ್ರ" ಎಂಬುದೊಂದು ಅಡಗಿರುತ್ತದೆ. ಲಾರ್ಡ್ ಕೆಲ್ವಿನ್ ಭೂಮಿಯ ವಯಸ್ಸನ್ನು ಲೆಕ್ಕ ಹಾಕಿದ್ದು ಅದು ತಣ್ಣಗಾಗುವ ವೇಗದಿಂದ. 1862ರಲ್ಲಿ 2 ಕೋಟಿಯಿಂದ 40 ಕೋಟಿ ವರ್ಷ ಎಂದ. 1897ರ ಹೊತ್ತಿಗೆ 2ರಿಂದ 4 ಕೋಟಿಗೆ ಇಳಿಸಿದ. ಗಣಿತದಲ್ಲಿ ತಪ್ಪಿರಲಿಲ್ಲ. ಭೂಮಿಯ ಒಳಗಿನ ಶಾಖ ಗಟ್ಟಿ ಬಂಡೆಯಲ್ಲಿ ಹರಿಯುವಂತೆ ಮಾತ್ರ ಹೊರಗೆ ಬರುತ್ತದೆ ಎಂಬುದು ಒಂದು ಷರತ್ತು, ಒಳಗೆ ಹೊಸದಾಗಿ ಶಾಖ ಹುಟ್ಟುವುದಿಲ್ಲ ಎಂಬುದು ಇನ್ನೊಂದು. ಎರಡೂ ನಿಲ್ಲಲಿಲ್ಲ. ಮೊದಲನೆಯದನ್ನು 1895ರಲ್ಲೇ ಅವನ ಹಳೆಯ ಸಹಾಯಕ ಜಾನ್ ಪೆರಿ ಎತ್ತಿ ತೋರಿಸಿದ್ದ. ಎರಡನೆಯದನ್ನು ವಿಕಿರಣಶೀಲತೆ ಮುರಿಯಿತು. ಈಗ ನಾವು ಹೇಳುವ ಸಂಖ್ಯೆ ಸುಮಾರು 454 ಕೋಟಿ.

ಹೆಸರು ದೊಡ್ಡದು, ಲೆಕ್ಕ ಚೊಕ್ಕ ಎಂಬ ಕಾರಣಕ್ಕೆ ಷರತ್ತುಗಳನ್ನು ಬರೆಯದೆ ಬಿಡಬೇಡಿ. ಅವುಗಳಲ್ಲಿ ಯಾವುದನ್ನು ಯಾರು ಪರೀಕ್ಷೆ ಮಾಡಿದ್ದಾರೆ ಎಂದೂ ಪಕ್ಕದಲ್ಲಿ ಬರೆಯಿರಿ.

ಹಂತ 7: ಮಿತಿ ಯಾವ ಬಗೆಯದು?

"ವಿಜ್ಞಾನಕ್ಕೆ ಇದು ಗೊತ್ತಿಲ್ಲ" ಎನ್ನುವವರನ್ನು ತಡೆದು, ಗೊತ್ತಿಲ್ಲ ಎಂದರೆ ಯಾವ ಗೊತ್ತಿಲ್ಲ ಎಂದು ಕೇಳಬೇಕು. ಕನಿಷ್ಠ ನಾಲ್ಕು ಬಗೆ ಇವೆ.

ಮೊದಲನೆಯದು, ಇನ್ನೂ ಗೊತ್ತಾಗಿಲ್ಲ. ನಕ್ಷತ್ರಗಳಲ್ಲಿ ಯಾವ ಧಾತುಗಳಿವೆ ಎಂದು ಮನುಷ್ಯನಿಗೆ ಎಂದೂ ತಿಳಿಯಲಾರದು ಎಂದು 1835ರಲ್ಲಿ ಫ್ರಾನ್ಸಿನ ತತ್ವಶಾಸ್ತ್ರಜ್ಞ ಆಗಸ್ಟ್ ಕಾಂಟ್ ಬರೆದ. 1859ರಲ್ಲಿ ಕಿರ್ಕಾಫ್ ಮತ್ತು ಬುನ್ಸೆನ್ ಬೆಳಕಿನ ರೋಹಿತದಿಂದ (ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಕಾಣುವ ಪಟ್ಟಿಯಿಂದ) ಧಾತುಗಳನ್ನು ಗುರುತಿಸುವ ದಾರಿ ತೋರಿಸಿದರು. ಕಾಂಟ್ ಆಗ ತೀರಿಕೊಂಡು ಎರಡು ವರ್ಷ. "ಎಂದಿಗೂ ಆಗದು" ಎಂದು ಬರೆಯುವ ಮುಂಚೆ ಇದು ನೆನಪಿರಲಿ.

ಎರಡನೆಯದು, ನಿಯಮ ಗೊತ್ತು, ಆದರೆ ಮುಂದಾಗುವುದನ್ನು ದೂರದ ತನಕ ಹೇಳಲಾಗದು. 1961ರಲ್ಲಿ ಎಡ್ವರ್ಡ್ ಲೊರೆಂಜ್ ಹವಾಮಾನದ ಒಂದು ಸಣ್ಣ ಮಾದರಿಯನ್ನು ಕಂಪ್ಯೂಟರ್‌ನಲ್ಲಿ ಎರಡನೇ ಬಾರಿ ಓಡಿಸಿದ. 0.506127 ಎಂದು ಕೊಡುವ ಬದಲು, ಮುದ್ರಿತ ಹಾಳೆಯಲ್ಲಿದ್ದ 0.506 ಎಂಬುದನ್ನೇ ಕೊಟ್ಟ. ಸ್ವಲ್ಪ ಹೊತ್ತು ಎರಡೂ ಫಲಿತಾಂಶ ಜೊತೆಜೊತೆಗೆ ಸಾಗಿದವು. ಆಮೇಲೆ ಒಂದಕ್ಕೊಂದು ಸಂಬಂಧವೇ ಇಲ್ಲದಂತಾದವು. ಸಮೀಕರಣಗಳಲ್ಲಿ ಆಕಸ್ಮಿಕ ಎನ್ನುವಂಥದ್ದು ಏನೂ ಇರಲಿಲ್ಲ. ಹಾಗಂತ ಹವಾಮಾನದ ಬಗ್ಗೆ ಏನೂ ಹೇಳಲಾಗದು ಎಂದೂ ಅಲ್ಲ. ಇಂಥ ದಿನ ಮಳೆಯೇ ಎಂದು ತಿಂಗಳುಗಳ ಮುಂಚೆ ಹೇಳಲಾಗದು. ದಶಕಗಳ ಸರಾಸರಿ ಎತ್ತ ಸಾಗುತ್ತಿದೆ ಎಂಬುದು ಬೇರೆಯೇ ಪ್ರಶ್ನೆ, ಅದಕ್ಕೆ ಉತ್ತರ ಸಿಗುತ್ತದೆ. ಇವೆರಡನ್ನು ಕಲಸಬೇಡಿ.

ಮೂರನೆಯದು, ವಿಜ್ಞಾನವೇ ಎಳೆದ ಗಡಿ. ಕಣದ ಸ್ಥಾನ ಮತ್ತು ಸಂವೇಗ (ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದ್ದು) ಎರಡನ್ನೂ ಬೇಕಾದಷ್ಟು ನಿಖರವಾಗಿ ನಿಗದಿ ಮಾಡಲಾಗದು ಎಂದು ಹೈಸನ್‌ಬರ್ಗ್ 1927ರಲ್ಲಿ ತೋರಿಸಿದ. ಬೆಳಕು ಇನ್ನೂ ನಮ್ಮನ್ನು ತಲುಪದ ದೂರದಾಚೆ ಏನಿದೆ ಎಂದು ನೋಡಲಾಗದು. ಇಲ್ಲಿ ಅಜ್ಞಾನ ಯಾವ ಅಳತೆಯದು ಎಂಬುದಕ್ಕೂ ಲೆಕ್ಕವಿದೆ, ಅದು ನನಗೆ ಬೆರಗು ಹುಟ್ಟಿಸುವ ಸಂಗತಿ. ಈ ಗಡಿಗಳನ್ನು ಮನಸ್ಸಿಗೆ ಬಂದ ಕಡೆಗೆಲ್ಲ ಎಳೆಯಬೇಡಿ. ಕಣದ ಅನಿಶ್ಚಿತತೆಯಿಂದ ಮನುಷ್ಯ ಸಂಬಂಧಗಳ ಬಗ್ಗೆ ಏನೂ ಸಿದ್ಧವಾಗುವುದಿಲ್ಲ.

ನಾಲ್ಕನೆಯದು, ಪ್ರಶ್ನೆಯೇ ಬೇರೆ ಜಾತಿಯದು. ಒಂದು ರೋಗದ ಔಷಧ ಎಷ್ಟು ಜನರನ್ನು ಉಳಿಸುತ್ತದೆ ಎಂದು ಪ್ರಯೋಗ ಹೇಳುತ್ತದೆ. ಔಷಧ ಸಾಲದಿದ್ದಾಗ ಮೊದಲು ಯಾರಿಗೆ ಕೊಡಬೇಕು ಎಂದು ಹೇಳುವುದಿಲ್ಲ. "ಇದೆ" ಎಂಬುದರಿಂದ ನೇರವಾಗಿ "ಆಗಬೇಕು" ಎಂಬುದಕ್ಕೆ ಜಿಗಿಯಲಾಗದು ಎಂದು ಹ್ಯೂಮ್ ಎಚ್ಚರಿಸಿದ್ದ. ಇಂಥ ಪ್ರಶ್ನೆಗೆ ವಿಜ್ಞಾನದ ಸಂಗತಿಗಳು ಬೇಕು. ಆದರೆ ಅಷ್ಟರಿಂದಲೇ ತೀರ್ಮಾನ ಹುಟ್ಟುವುದಿಲ್ಲ.

ಹಂತ 8: ಒಂದು ಮಾತನ್ನು ಪೂರ್ತಿ ಓಡಿಸಿ ನೋಡಿ

"ಬ್ರಹ್ಮಾಂಡಕ್ಕೆ 1,380 ಕೋಟಿ ವರ್ಷ." ಇದನ್ನೇ ತೆಗೆದುಕೊಳ್ಳೋಣ.

ಪೂರ್ತಿ ಮಾತು: ಅತಿ ಬಿಸಿಯಾದ, ಅತಿ ದಟ್ಟವಾದ ಸ್ಥಿತಿಯಿಂದ ಬ್ರಹ್ಮಾಂಡ ಹಿಗ್ಗಲು ಶುರುವಾಗಿ ಸುಮಾರು 1,380 ಕೋಟಿ ವರ್ಷವಾಗಿದೆ. ಈಗಿನ ಮಾದರಿಯ ಪ್ರಕಾರ ತಪ್ಪಿನ ಅಂಚು 2 ಕೋಟಿ ವರ್ಷದಷ್ಟು.

ಕಂಡದ್ದು: ದೂರದ ಗೆಲಾಕ್ಸಿಗಳ ಬೆಳಕು ಕೆಂಪಿನ ಕಡೆಗೆ ಸರಿದಿರುವುದು, ಎಲ್ಲ ದಿಕ್ಕಿನಿಂದಲೂ ಬರುವ ಮಂದ ಮೈಕ್ರೋವೇವ್ ವಿಕಿರಣ, ಪ್ಲಾಂಕ್ ಉಪಗ್ರಹ ಅಳೆದ ಆ ವಿಕಿರಣದ ಸಣ್ಣ ಏರಿಳಿತಗಳು. ವಯಸ್ಸು ಬಲಗಡೆಯದು.

ಏನು ಕಂಡರೆ ಬೀಳುತ್ತದೆ? ಬ್ರಹ್ಮಾಂಡಕ್ಕಿಂತ ಹಳೆಯ ನಕ್ಷತ್ರ ಸಿಕ್ಕರೆ. 1990ರ ದಶಕದಲ್ಲಿ ಈ ಇಕ್ಕಟ್ಟು ನಿಜವಾಗಿಯೂ ಬಂದಿತ್ತು. ಕೆಲವು ಹಳೆಯ ನಕ್ಷತ್ರಗುಚ್ಛಗಳ ವಯಸ್ಸು ಬ್ರಹ್ಮಾಂಡದ ಅಂದಾಜನ್ನೇ ಮೀರುತ್ತಿತ್ತು. ನಕ್ಷತ್ರಗಳ ದೂರದ ಅಳತೆ ಸುಧಾರಿಸಿತು. ಹಿಗ್ಗುವ ವೇಗವೇ ಹೆಚ್ಚುತ್ತಿದೆ ಎಂದು 1998ರಲ್ಲಿ ಗೊತ್ತಾಯಿತು. ಎರಡೂ ಸೇರಿ ಇಕ್ಕಟ್ಟು ಸಡಿಲವಾಯಿತು.

ಬೇರೆ ದಾರಿ: ಉರಿದು ಮುಗಿದು ತಣ್ಣಗಾಗುತ್ತಿರುವ ಶ್ವೇತಕುಬ್ಜ ನಕ್ಷತ್ರಗಳ ವಯಸ್ಸನ್ನು ಬೇರೆಯೇ ಭೌತವಿಜ್ಞಾನದಿಂದ ಲೆಕ್ಕ ಹಾಕುತ್ತಾರೆ. ಅದೂ ಈ ಮಿತಿಯೊಳಗೇ ಬರುತ್ತದೆ.

ಷರತ್ತು: ಸಾಮಾನ್ಯ ಸಾಪೇಕ್ಷತೆ ಅಷ್ಟು ದೊಡ್ಡ ಅಳತೆಯಲ್ಲೂ ಸಲ್ಲಬೇಕು. ಕಪ್ಪು ದ್ರವ್ಯ, ಕಪ್ಪು ಶಕ್ತಿಯ ಈಗಿನ ಮಾದರಿ ಸರಿಯಿರಬೇಕು. ತಕರಾರು ಇರುವುದು ಇಲ್ಲೇ. ಹಿಗ್ಗುವ ವೇಗವನ್ನು ಪ್ಲಾಂಕ್ ಮಾಹಿತಿಯಿಂದ ತೆಗೆದರೆ ಪ್ರತಿ ಮೆಗಾಪಾರ್ಸೆಕ್‌ಗೆ (ಸುಮಾರು 32.6 ಲಕ್ಷ ಬೆಳಕಿನ ವರ್ಷಗಳ ದೂರ) ಸೆಕೆಂಡಿಗೆ ಸುಮಾರು 67 ಕಿಲೋಮೀಟರ್ ಬರುತ್ತದೆ. ಹತ್ತಿರದ ಸೂಪರ್‌ನೋವಾಗಳಿಂದ, ಅಂದರೆ ಸಿಡಿಯುವ ನಕ್ಷತ್ರಗಳಿಂದ, ಅಳೆದರೆ ಸುಮಾರು 73. ಎರಡೂ ಗುಂಪಿನ ತಪ್ಪಿನ ಅಂಚುಗಳು ಒಂದನ್ನೊಂದು ಮುಟ್ಟುವುದಿಲ್ಲ. ಯುರೇನಸ್‌ನ ಕಾಲದ ಪ್ರಶ್ನೆಯೇ ಮತ್ತೆ ಎದುರಾಗಿದೆ: ಅಳತೆಯಲ್ಲಿ ಏನೋ ತಪ್ಪಿದೆಯೋ, ಮಾದರಿಯೇ ಬದಲಾಗಬೇಕೋ?

ಮಿತಿ: ಅದಕ್ಕೂ ಮೊದಲು ಏನಿತ್ತು ಎಂಬುದಕ್ಕೆ ಸದ್ಯ ಉತ್ತರವಿಲ್ಲ. ಅಷ್ಟು ದಟ್ಟ ಸ್ಥಿತಿಯಲ್ಲಿ ನಡೆಯುವ ಪರೀಕ್ಷಿತ ಸಿದ್ಧಾಂತವೇ ನಮ್ಮಲ್ಲಿಲ್ಲ. ಇದನ್ನು ಮೊದಲನೇ ಬಗೆಯಲ್ಲಿ ಇಡುತ್ತೇನೆ. ಮೂರನೇ ಬಗೆಗೆ ಸರಿದರೂ ಸರಿಯಬಹುದು.

ಈಗ ಹಾಳೆ ನೋಡಿ. "ಬ್ರಹ್ಮಾಂಡ ಹಿಗ್ಗುತ್ತಿದೆ" ಎಂಬುದು ಬಹಳ ಗಟ್ಟಿ. "ಸುಮಾರು 1,380 ಕೋಟಿ" ಎಂಬುದು ಗಟ್ಟಿ. "2 ಕೋಟಿಯ ಅಂಚು" ಮಾದರಿಯ ಮೇಲೆ ನಿಂತಿದೆ, ಅಲುಗಾಡಬಹುದು. "ಮೊದಲು ಏನಿತ್ತು" ಎಂಬುದು ತೆರೆದ ಪ್ರಶ್ನೆ. ಒಂದೇ ವಾಕ್ಯವಾಗಿ ಬಂದದ್ದು ನಾಲ್ಕು ತೂಕದ ನಾಲ್ಕು ಮಾತುಗಳಾದವು.

67 ಮತ್ತು 73ರ ಜಗಳಕ್ಕೆ ಮೂರನೇ ದಾರಿಯೊಂದು ತೆರೆದಿದೆ. 2017ರಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿಯಾದಾಗ ಎದ್ದ ಗುರುತ್ವ ಅಲೆಗಳಿಂದ, ಹಳೆಯ ಎರಡು ದಾರಿಗಳ ಹಂಗಿಲ್ಲದೆ ಹಿಗ್ಗುವ ವೇಗವನ್ನು ಲೆಕ್ಕ ಹಾಕಿದರು. ಬಂದದ್ದು ಸುಮಾರು 70. ಅಂಚು ದೊಡ್ಡದು, 67ನ್ನೂ 73ನ್ನೂ ಎರಡನ್ನೂ ಒಳಗೊಳ್ಳುವಷ್ಟು. ಇಂಥ ಡಿಕ್ಕಿಗಳು ಇನ್ನಷ್ಟು ಸಿಕ್ಕಂತೆ ಆ ಅಂಚು ಕಿರಿದಾಗುತ್ತಾ ಹೋಗುತ್ತದೆ. ಹಾಗಾಗಿ ಹಾಳೆಯಲ್ಲಿ ಮೂರನೇ ಸಾಲಿನ ಪಕ್ಕ ಸ್ವಲ್ಪ ಜಾಗ ಬಿಟ್ಟಿರಿ.